ಅಡಕೆ ಸಿಪ್ಪೆ ಯಾವ ವಿಭಾಗಕ್ಕೆ?

ಮಗಳು ಶಾಲೆಯಿಂದ ಬಂದವಳೇ, ‘ಅಮ್ಮಾ, ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಹೆಸರು ಕೊಟ್ಟಿದ್ದೀನಿ, ಯಾವ ವಿಭಾಗ ಅಂತ ನಾಳೆನೇ ಹೇಳ್ಬೇಕಂತೆ’ ಅಂದರೆ ಗಾಬರಿಯಾಗಬೇಡಿ. ಥರ್ಮೋಕೋಲ್ ತರಲು ಯಜಮಾನರನ್ನು ಅಂಗಡಿಗೆ ಓಡಿಸಲೂ ಬೇಡಿ. ಇದು ಮಾಡೆಲ್ ಇಟ್ಟು ಬಲ್ಬ್ ಉರಿಸುವ ವಸ್ತುಪ್ರದರ್ಶನ ಅಲ್ಲ.

1993ರಲ್ಲಿ ಶುರುವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ 10ರಿಂದ 17 ವರ್ಷದ ಮಕ್ಕಳಿಗಾಗಿಯೇ ಇರುವಂಥದ್ದು. ತಮ್ಮೂರಿನದೇ ಒಂದು ಸಮಸ್ಯೆ ಹಿಡಿದು, ಅಳೆದು, ಎಣಿಸಿ, ವರದಿ ಬರೆದು ತೀರ್ಪುಗಾರರ ಮುಂದೆ ಮಂಡಿಸಬೇಕು. ಮೊದಲು ಜಿಲ್ಲೆ, ಆಮೇಲೆ ರಾಜ್ಯ, ಕೊನೆಗೆ ರಾಷ್ಟ್ರಮಟ್ಟ. ನಮ್ಮ ರಾಜ್ಯದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಇದನ್ನು ನಡೆಸಿಕೊಂಡು ಬಂದಿದೆ. ಒಂದು ಮುಖ್ಯ ವಿಷಯ, ಅದರ ಕೆಳಗೆ ಕೆಲವು ಉಪವಿಷಯ ಇರುತ್ತವೆ. ಕೆಲಸ ವಿಷಯಕ್ಕೆ ಹೊಂದುತ್ತಾ ಅಂತ ತೀರ್ಪುಗಾರರು ನೋಡೇ ನೋಡ್ತಾರೆ. ತಪ್ಪು ಉಪವಿಷಯಕ್ಕೆ ಹೋದರೆ ಮಗು ತಿಂಗಳುಗಟ್ಟಲೆ ಪಟ್ಟ ಶ್ರಮ ಹಿಂದೆ ಬೀಳುತ್ತೆ.

2022ರಲ್ಲಿ ಮುಖ್ಯ ವಿಷಯ ‘ಆರೋಗ್ಯ ಮತ್ತು ಯೋಗಕ್ಷೇಮಕ್ಕಾಗಿ ಪರಿಸರ ವ್ಯವಸ್ಥೆಯ ಅರಿವು’. ನಿಮ್ಮ ತವರು ಚನ್ನಗಿರಿ ಕಡೆ ಅಂದುಕೊಳ್ಳಿ. ಕೊಯ್ಲಿನ ಕಾಲದಲ್ಲಿ ರಸ್ತೆ ಬದಿ ರಾಶಿ ಬೀಳುವ ಅಡಕೆ ಸಿಪ್ಪೆ ನೋಡಿದ್ದೀರಲ್ಲ? ಆ ರಾಶಿಯ ಕೆಳಗಿನ ಮಣ್ಣಿನಲ್ಲಿ ಎರೆಹುಳು ಎಷ್ಟು, ಪಕ್ಕದ ಮಣ್ಣಿನಲ್ಲಿ ಎಷ್ಟು ಎಂದು ಎಣಿಸಿದರೆ ಅದು ಪರಿಸರ ಅರಿಯುವ ಉಪವಿಷಯ. ಸಿಪ್ಪೆ ಸುಟ್ಟ ಹೊಗೆಯಿಂದ ಅಕ್ಕಪಕ್ಕದ ಮನೆಯವರಿಗೆ ಕೆಮ್ಮು ಬಂತಾ ಎಂದು ವಿಚಾರಿಸಿದರೆ ಆರೋಗ್ಯ. ಅದೇ ಸಿಪ್ಪೆ ಕೊಳೆಸಿ ಗೊಬ್ಬರ ಮಾಡಿ ಖರ್ಚು-ಲಾಭ ಬರೆದರೆ ಸ್ವಾವಲಂಬನೆ. ಸಿಪ್ಪೆ ಒಂದೇ, ಪ್ರಶ್ನೆ ಮೂರು. ಆದ್ದರಿಂದ ‘ಯಾವುದರ ಮೇಲೆ ಪ್ರಾಜೆಕ್ಟು?’ ಅಂತ ಕೇಳಬೇಡಿ, ‘ಏನನ್ನು ಅಳೀತೀಯ?’ ಅಂತ ಕೇಳಿ. ಉತ್ತರ ಒಂದೇ ವಾಕ್ಯದಲ್ಲಿ ಬರದಿದ್ದರೆ ವಿಭಾಗ ಬರೆಯಲು ಅವಸರ ಬೇಡ.

ಹೊನ್ನಾಳಿಯಲ್ಲಿ ಮೆಕ್ಕೆಜೋಳಕ್ಕೆ ಔಷಧಿ ಹೊಡೆಯುವವರು ಕೈಗವಸು, ಮಾಸ್ಕ್ ಹಾಕ್ತಾರಾ ಎಂದು ಮನೆಮನೆ ಕೇಳಿದ ಪಟ್ಟಿಯೂ ಆರೋಗ್ಯಕ್ಕೇ ಸೇರೋದು, ಬೇಸಾಯದ ಮಾತು ಬಂತು ಅಂತ ಗೊಂದಲ ಬೇಡ. ನ್ಯಾಮತಿ ಕಡೆಯ ತಾಂಡಾಗಳಲ್ಲಿ ಅಜ್ಜಿಯರು ಬಳಸುವ ಕಾಡು ಸೊಪ್ಪುಗಳನ್ನು ದಾಖಲಿಸಿದರೆ ಸಾಮಾಜಿಕ-ಸಾಂಸ್ಕೃತಿಕ ಪದ್ಧತಿ. ಜಗಳೂರಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿ ಎಣಿಸ್ತೀನಿ ಅಂತ ಮಗ ಹಟ ಹಿಡಿದರೆ ಮಾತ್ರ ಸ್ವಲ್ಪ ತಡೆಯಿರಿ. ಅದು ವನ್ಯಧಾಮ, ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು, ಹೋದರೂ ಪ್ರಾಣಿ ಕಣ್ಣಿಗೆ ಬೀಳುವ ಖಾತ್ರಿ ಇಲ್ಲ. ಅಜ್ಜಿ ಮನೆ ಓಣಿಯಲ್ಲಿ ಎಷ್ಟು ಬೋರ್‌ವೆಲ್ ಬತ್ತಿವೆ ಅಂತ ಲೆಕ್ಕ ಹಾಕಿದರೆ ರಜೆಯಲ್ಲೇ ಕೆಲಸ ಮುಗಿಯುತ್ತೆ.

‘ತಾಂತ್ರಿಕ ಆವಿಷ್ಕಾರ’ ಎಂಬ ಉಪವಿಷಯ ಕಂಡರೆ ಅಪ್ಪಂದಿರಿಗೆ ಅದೇನೋ ಮೋಹ! ಮಗು ಸ್ವತಃ ಏನಾದರೂ ತಯಾರಿಸಿ ಪರೀಕ್ಷಿಸದೆ ಅತ್ತ ಹೋಗೋದು ಬೇಡ. ‘ಅಲ್ಲಿ ಪೈಪೋಟಿ ಕಮ್ಮಿ’ ಎಂಬ ಪಕ್ಕದ ಮನೆಯವರ ಸಲಹೆಯನ್ನೂ ಬಿಡಿ. ಇನ್ನು ದಿನಚರಿ ಪುಸ್ತಕ. ಅಕ್ಷರ ಚೆನ್ನಾಗಿಲ್ಲ ಅಂತ ನೀವೇ ಬರೆದುಕೊಟ್ಟರೆ, ತೀರ್ಪುಗಾರರು ಎದುರಿಗೆ ಕೂರಿಸಿಕೊಂಡು ಎರಡು ಪ್ರಶ್ನೆ ಕೇಳಿದ ಕೂಡಲೇ ಬಣ್ಣ ಬಯಲಾಗುತ್ತೆ.

ಮುಖ್ಯ ವಿಷಯ ಬದಲಾಗುತ್ತಾ ಇರುತ್ತೆ. ಆ ಸಲದ ಕೈಪಿಡಿಯನ್ನು ಶಾಲೆಯ ವಿಜ್ಞಾನ ಶಿಕ್ಷಕರಿಂದ ಕೇಳಿ ತರಿಸಿ, ಉಪವಿಷಯಗಳ ವಿವರಣೆಯನ್ನು ಮಗಳ ಜೊತೆ ಕೂತು ಓದಿ. ಕಿರಿಯರ ಗುಂಪಾ, ಹಿರಿಯರ ಗುಂಪಾ ಎಂದು ಅವಳ ಹುಟ್ಟಿದ ದಿನಾಂಕ ಹಾಕಿ ನೋಡಿಕೊಂಡೇ ಅರ್ಜಿ ತುಂಬಿಸಿ.