ಮನೆಬಂಡಿಯ ಪ್ರವಾಸ

ಮನೆಯನ್ನು ಬಿಟ್ಟು ಹೊರಟಲ್ಲದೆ ಪ್ರವಾಸವಾಗದು. ಆದರೆ ಮನೆಯ ಸೌಕರ್ಯವನ್ನು ಬಿಡುವುದಕ್ಕೆ ಯಾರಿಗೂ ಮನಸ್ಸು ಬಾರದು. ಅದರಲ್ಲಿಯೂ ವೃದ್ಧರನ್ನೂ ಮಕ್ಕಳನ್ನೂ ಕರೆದುಕೊಂಡು ಹೊರಡತಕ್ಕ ಗೃಹಸ್ಥನಿಗೆ ಹೊತ್ತಿಗೆ ಸರಿಯಾದ ಊಟ, ಹಿತವಾದ ಹಾಸಿಗೆ, ರಾತ್ರಿಯಲ್ಲಿ ಹತ್ತಿರವೇ ಇರುವ ಬಚ್ಚಲು ಇವುಗಳ ಚಿಂತೆಯೇ ಪ್ರವಾಸದ ಅರ್ಧ ಸುಖವನ್ನು ನುಂಗಿಬಿಡುತ್ತದೆ. ಈ ಚಿಂತೆಗೆ ಅಮೆರಿಕದ ಜನರು ಒಂದು ಪರಿಹಾರವನ್ನು ಕಂಡುಕೊಂಡಿರುವರು. ಒಲೆ, ರೆಫ್ರಿಜರೇಟರು, ಮಂಚ, ಶೌಚಗೃಹ ಎಲ್ಲವನ್ನೂ ಒಂದು ದೊಡ್ಡ ಮೋಟಾರಿನೊಳಗೆ ಅಳವಡಿಸಿ, ಮನೆಯನ್ನೇ ಓಡಿಸಿಕೊಂಡು ಹೋಗುವರು. ಅವರು ಅದನ್ನು ಆರ್.ವಿ. ಎನ್ನುತ್ತಾರೆ. ನನ್ನ ತಾಯಿ ಅದಕ್ಕೆ ಇಟ್ಟ ಹೆಸರು ಮನೆಬಂಡಿ. ಈ ಲೇಖನದಲ್ಲಿ ನಾನೂ ಅದೇ ಹೆಸರನ್ನು ಬಳಸುವೆನು.

ಇಂಥ ಬಂಡಿಯನ್ನು ಬಾಡಿಗೆಗೆ ಹಿಡಿದು ನಾವು ಎರಡು ಸಲ ಅಪಲೇಚಿಯನ್ ಪರ್ವತಗಳ ತಪ್ಪಲಿಗೆ ಹೋದೆವು. ಮೊದಲನೆಯ ಸಲ ಏನನ್ನೂ ಯೋಚಿಸದೆ ಹೊರಟು, ಪ್ರಾಣಭಯವನ್ನು ಕಂಡು ಮರಳಿದೆವು. ಎರಡನೆಯ ಸಲ ಮೂರು ವಾರ ಮುಂಚಿತವಾಗಿ ಲೆಕ್ಕಹಾಕಿ ಹೊರಟು, ಬಯಸಿದುದನ್ನು ಕಂಡು ಬಂದೆವು. ಬಂಡಿ ಅಂಥದೇ, ದಾರಿಯೂ ಬಹುಮಟ್ಟಿಗೆ ಅದೇ. ವ್ಯತ್ಯಾಸವಿದ್ದುದು ನಮ್ಮ ಸಿದ್ಧತೆಯಲ್ಲಿ ಮಾತ್ರ. ಮಕ್ಕಳ ಬಳಿಗೆಂದು ಆ ದೇಶಕ್ಕೆ ಹೋಗಿಬರುವ ಕನ್ನಡದ ಹಿರಿಯರು ಈಗ ಅನೇಕರಿರುವುದರಿಂದ, ನಾವು ಕಲಿತ ಪಾಠವು ಕೆಲವರಿಗಾದರೂ ಪ್ರಯೋಜನಕ್ಕೆ ಬಂದೀತೆಂದು ನಂಬಿದ್ದೇನೆ.

ತಪ್ಪಲಿನ ಸೀಮೆ

ಅಪಲೇಚಿಯನ್ ಶ್ರೇಣಿಯು ಕೆನಡಾದಿಂದ ತೊಡಗಿ ದಕ್ಷಿಣದ ಅಲಬಾಮಾ ಸಂಸ್ಥಾನದವರೆಗೆ ಹಬ್ಬಿದೆ. ಅದರ ಬ್ಲೂ ರಿಜ್ ಎಂಬ ಅಂಚು ದಕ್ಷಿಣ ಕೆರೊಲಿನಾದ ವಾಯವ್ಯ ಮೂಲೆಯಲ್ಲಿ ಗೋಡೆಯಂತೆ ಎದ್ದು ನಿಂತಿದೆ. ಗೋಡೆಯ ಬುಡದಲ್ಲಿ ಸಣ್ಣ ಹಳ್ಳಿಗಳು, ಪೀಚ್ ಹಣ್ಣಿನ ತೋಟಗಳು, ಹುಲ್ಲುಗಾವಲುಗಳು. ಇವುಗಳ ನಡುವೆ ಹನ್ನೊಂದನೆಯ ನಂಬರಿನ ಹೆದ್ದಾರಿಯು ನೂರು ಮೈಲಿಗೂ ಮಿಕ್ಕಿ ಸಾಗುತ್ತದೆ. ಒಂದು ಕಾಲದಲ್ಲಿ ಈ ಸೀಮೆಯ ಒಡೆಯರಾಗಿದ್ದ ಚೆರೊಕಿ ಜನರ ಹೆಸರನ್ನು ಆ ದಾರಿಗೆ ಇಟ್ಟಿದ್ದಾರೆ. ಅದರ ಇಕ್ಕೆಲಗಳಲ್ಲಿ ಸರ್ಕಾರದ ಉದ್ಯಾನಗಳಿದ್ದು, ಹಲವುಗಳಲ್ಲಿ ಮನೆಬಂಡಿಗಳನ್ನು ನಿಲ್ಲಿಸಲು ನೀರು ವಿದ್ಯುತ್ತುಗಳ ಸಹಿತ ತಾಣಗಳಿವೆ. 3,124 ಅಡಿ ಎತ್ತರದ ಟೇಬಲ್ ರಾಕ್ ಎಂಬ ಬೋಳುಬಂಡೆಯ ಬೆಟ್ಟವು ದೂರದಿಂದಲೇ ಕಾಣುತ್ತದೆ. ಪಶ್ಚಿಮದ ಕಡೆಗೆ, ಡೆವಿಲ್ಸ್ ಫೋರ್ಕ್ ಉದ್ಯಾನದ ಎದುರಿಗೆ, ಸುಮಾರು 7,500 ಎಕರೆಯ ಜೋಕಾಸಿ ಸರೋವರವಿದೆ.

ನನ್ನ ತಾಯಿಯ ಆಸೆಯೆಲ್ಲ ಈ ಸರೋವರದ ಮೇಲೆಯೇ ಇದ್ದಿತು. ಆಕೆಯ ತವರೂರು ಶರಾವತಿಯ ದಂಡೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣವಾದಾಗ ಆ ಊರು ಮುಳುಗಿತು. ಆಗ ಆಕೆಗೆ ಹದಿಮೂರು ವರ್ಷ. ಜೋಕಾಸಿಯೂ ಅಂಥದೇ ನೀರು. ವಿದ್ಯುತ್ತಿಗಾಗಿ 1973ರಲ್ಲಿ ಕಟ್ಟಿದ ಅಣೆಕಟ್ಟಿನ ಹಿಂದೆ ಒಂದು ಕಣಿವೆಯೇ ಅಡಗಿತು. ಇದನ್ನು ನಾನು ಮಾತಿಗೆ ಹೇಳಿದ ದಿನದಿಂದ ತಾಯಿಯು, "ಅದರ ದಡದಲ್ಲಿ ಒಂದು ರಾತ್ರಿ ಇದ್ದು ಬರೋಣ ಮಾರಾಯ" ಎಂದು ಕೇಳುತ್ತಲೇ ಇದ್ದಳು.

ಮೊದಲನೆಯ ಪ್ರಯಾಣ

2022ನೆಯ ಇಸವಿ ಅಕ್ಟೋಬರ್ ತಿಂಗಳ ಒಂದು ಶುಕ್ರವಾರ ಮಧ್ಯಾಹ್ನ ಅಟ್ಲಾಂಟಾದಿಂದ ಹೊರಟೆವು. ಬಂಡಿಯ ಉದ್ದ 25 ಅಡಿ. ಎಲೆಗಳು ಬಣ್ಣ ತಿರುಗುವ ಕಾಲ. ಸರೋವರದ ಬಳಿ ಜಾಗವೆಲ್ಲ ತಿಂಗಳುಗಳ ಹಿಂದೆಯೇ ಮುಗಿದಿದ್ದಿತು. ದೂರದ ಒಂದು ತಾಣದಲ್ಲಿ ಜಾಗ ಹಿಡಿದು, ಸರೋವರವನ್ನು ಮರುದಿನ ನೋಡೋಣವೆಂದುಕೊಂಡೆವು. ಅಷ್ಟಕ್ಕೆ ತೃಪ್ತನಾಗದೆ ನಾನು, ಸೂರ್ಯಾಸ್ತವನ್ನು ಸೀಸರ್ಸ್ ಹೆಡ್ ಎಂಬ ಶಿಖರದ ಮೇಲಿನಿಂದ ತೋರಿಸುವೆನೆಂದು ಬಂಡಿಯನ್ನು ಬೆಟ್ಟಕ್ಕೆ ಹತ್ತಿಸಿದೆನು.

ಹತ್ತುವಾಗ ತೊಂದರೆಯಾಗಲಿಲ್ಲ. ಮುಸ್ಸಂಜೆಯಲ್ಲಿ ಇಳಿಯುವಾಗ, ಕಾರಿನಲ್ಲಿ ಇಳಿಯುವಂತೆಯೇ ಒಂದೇ ಸಮನೆ ಬ್ರೇಕನ್ನು ಒತ್ತಿಹಿಡಿದಿದ್ದೆನು. ತಿರುವಿನ ಮೇಲೆ ತಿರುವು. ಐದಾರು ತಿರುವುಗಳಾಗುವಷ್ಟರಲ್ಲಿ ಸುಟ್ಟ ವಾಸನೆ ಬಂದಿತು. ಒಲೆಯ ಮೇಲೇನೋ ಸೀದಿದೆಯೆಂದು ನನ್ನ ಹೆಂಡತಿಯು ಹಿಂದಕ್ಕೆ ನೋಡಿದಳು. "ರೀ, ಇದು ಒಳಗಿನದಲ್ಲ, ಚಕ್ರದ್ದು" ಎಂದು ಆಕೆ ಹೇಳುವಷ್ಟರಲ್ಲಿ ಕಾಲಡಿಯ ಬ್ರೇಕು ಮೆತ್ತಗಾಗಿ ಕೆಳಗಿಳಿಯತೊಡಗಿತು. ಗೇರನ್ನು ಕೆಳಕ್ಕೆ ತಂದು, ಅದೃಷ್ಟವಶಾತ್ ಎದುರಿಗೆ ಸಿಕ್ಕಿದ ಒಂದು ಅಗಲವಾದ ಅಂಚಿನಲ್ಲಿ ಹೇಗೋ ನಿಲ್ಲಿಸಿದೆನು. ಚಕ್ರಗಳಿಂದ ಹೊಗೆಯೇಳುತ್ತಿದ್ದಿತು. ಒಂದು ಗಂಟೆ ಕಾಲ ಅಲ್ಲಿಯೇ ಕುಳಿತೆವು. ತಾಯಿಯು ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಮಾತಿಲ್ಲದೆ ಇದ್ದಳು.

ತಾಣವನ್ನು ಮುಟ್ಟಿದುದು ಕಗ್ಗತ್ತಲೆಯಲ್ಲಿ. ಮರಗಳ ನಡುವೆ ಬಂಡಿಯನ್ನು ಹಿಂದಕ್ಕೆ ಸರಿಸಿ ನಿಲ್ಲಿಸುವುದು ನನ್ನಿಂದಾಗಲಿಲ್ಲ. ಪಕ್ಕದ ಬಿಡಾರದ ಮುದುಕನೊಬ್ಬನು ತಾನಾಗಿಯೇ ಬ್ಯಾಟರಿ ಹಿಡಿದು ಬಂದು ದಾರಿ ತೋರಿಸಿದನು. ಮರುದಿನ ಬೆಳಗ್ಗೆ ತಾಯಿಯು ಕೇಳಿದುದು ಒಂದೇ ಮಾತು: "ಮನೆಗೆ ಹೋಗೋಣವೇ?" ಸರೋವರವನ್ನು ನೋಡದೆಯೇ ಹಿಂದಿರುಗಿದೆವು.

ತೂಕದ ಲೆಕ್ಕ

ಎಲ್ಲ ತಪ್ಪುಗಳಿಗೂ ಮೂಲ ಒಂದೇ ಎಂಬುದು ಆಮೇಲೆ ತಿಳಿಯಿತು. ನಾನು ಮನೆಯನ್ನು ಓಡಿಸುತ್ತಿದ್ದೆನಾದರೂ ಕಾರನ್ನು ಓಡಿಸುತ್ತಿರುವೆನೆಂದು ಭಾವಿಸಿದ್ದೆನು. ಈ ಗಾತ್ರದ ಮನೆಬಂಡಿಯು ಸಾಮಾನು ಸಹಿತ ಸುಮಾರು 14,000 ಪೌಂಡು, ಎಂದರೆ ಆರು ಸಾವಿರ ಕಿಲೋಗ್ರಾಮಿಗೂ ಮೇಲೆ ತೂಗಬಹುದು. ಮೂರು ನಾಲ್ಕು ಕಾರುಗಳ ಭಾರ. ಆ ಭಾರವು ಇಳಿಜಾರಿನಲ್ಲಿ ಪಡೆಯುವ ವೇಗವನ್ನೆಲ್ಲ ಬ್ರೇಕೊಂದೇ ತಡೆಯಬೇಕಾದರೆ, ಆ ಶಕ್ತಿಯೆಲ್ಲ ಕಾವಾಗಿ ಮಾರ್ಪಟ್ಟು ಬ್ರೇಕಿನ ಹಿಡಿತವೇ ತಪ್ಪುತ್ತದೆ. ಆದಕಾರಣ ಇಳಿಜಾರು ತೊಡಗುವ ಮೊದಲೇ ಕೆಳಗಿನ ಗೇರಿಗೆ ಬಂದು ಇಂಜಿನ್ನಿನಿಂದಲೇ ಬಂಡಿಯನ್ನು ತಡೆಯಬೇಕು. ಬ್ರೇಕನ್ನು ಗಟ್ಟಿಯಾಗಿ ಒತ್ತಿ ವೇಗವನ್ನು ಇಳಿಸಿ ಬಿಡಬೇಕು. ಮತ್ತೆ ವೇಗವೇರಿದಾಗ ಮತ್ತೆ ಒತ್ತಬೇಕು. ಅದಕ್ಕಿಂತ ಮೇಲಾದುದು, ಅಂಥ ದಾರಿಯನ್ನೇ ಬಿಟ್ಟುಬಿಡುವುದು. ಶಿಖರವನ್ನು ನೋಡಲೇಬೇಕಾದರೆ ಬಂಡಿಯನ್ನು ತಾಣದಲ್ಲಿ ಬಿಟ್ಟು ಚಿಕ್ಕ ಕಾರಿನಲ್ಲಿ ಹೋಗಬಹುದು.

ಎತ್ತರವನ್ನೂ ಮರೆಯಬಾರದು. ಬಂಡಿಯು ಹನ್ನೊಂದು ಹನ್ನೆರಡು ಅಡಿ ಎತ್ತರವಿರುತ್ತದೆ. ಅದನ್ನು ಅಡಿ ಅಂಗುಲಗಳಲ್ಲಿ ಬರೆದು ಚಾಲಕನ ಕಣ್ಣೆದುರಿಗೆ ಅಂಟಿಸತಕ್ಕದ್ದು. ಕಾರಿಗೆಂದು ಮಾಡಿದ ನಕ್ಷೆಯು ತಗ್ಗಾದ ಸೇತುವೆಯನ್ನೂ ಬಾಗಿದ ಕೊಂಬೆಯನ್ನೂ ತಿಳಿಸುವುದಿಲ್ಲ. ಪರ್ವತಗಳ ನೆತ್ತಿಯ ಮೇಲೆ 469 ಮೈಲಿ ಹರಿದಿರುವ ಬ್ಲೂ ರಿಜ್ ಪಾರ್ಕ್‌ವೇ ಎಂಬ ಪ್ರಸಿದ್ಧ ದಾರಿಯಲ್ಲಿ 26 ಸುರಂಗಗಳಿವೆ. ಅವುಗಳ ಮಾಡು ಕಮಾನಿನಂತಿರುವುದರಿಂದ ನಡುವಿಗಿಂತ ಅಂಚಿನಲ್ಲಿ ಎತ್ತರ ಕಡಿಮೆ. ಅಲ್ಲದೆ, 2024ನೆಯ ಇಸವಿ ಸೆಪ್ಟೆಂಬರಿನ ಹೆಲೀನ್ ಚಂಡಮಾರುತದಿಂದ ಆ ದಾರಿಯ ಅನೇಕ ಭಾಗಗಳು ಕುಸಿದುಹೋದುವು. ಆದುದರಿಂದ ಯಾವ ಭಾಗವು ತೆರೆದಿದೆಯೆಂಬುದನ್ನು ಹೊರಡುವ ದಿನವೇ ವಿಚಾರಿಸಿಕೊಳ್ಳಬೇಕು.

ಬಿಡಾರದ ಜಾಗ

ಎರಡನೆಯ ಸಲ ಮೊದಲು ಜಾಗವನ್ನು ಗೊತ್ತುಮಾಡಿ, ಆಮೇಲೆ ದಿನವನ್ನು ಗೊತ್ತುಮಾಡಿದೆವು. ಜಾಗವನ್ನು ಹಿಡಿಯುವಾಗ ನಾಲ್ಕು ಸಂಗತಿಗಳನ್ನು ಕೇಳಬೇಕು: ಜಾಗದ ಉದ್ದವೆಷ್ಟು, ನೆಲ ಸಮತಟ್ಟಾಗಿದೆಯೇ, ನೀರು ವಿದ್ಯುತ್ತು ಎರಡೂ ಉಂಟೇ, ಬಂಡಿಯನ್ನು ನೇರವಾಗಿ ಒಳಕ್ಕೆ ತರಬಹುದೋ, ಹಿಂದಕ್ಕೆ ಸರಿಸಬೇಕೋ. ದಿನಕ್ಕೆ 150 ಮೈಲಿಗಿಂತ ಹೆಚ್ಚು ಓಡಿಸುವುದಿಲ್ಲವೆಂದೂ, ಮಧ್ಯಾಹ್ನ ಮೂರು ಗಂಟೆಯೊಳಗೆ ತಾಣವನ್ನು ಸೇರುವೆವೆಂದೂ ನಿಶ್ಚಯಿಸಿಕೊಂಡೆವು. ತಪ್ಪಲಿನಲ್ಲಿ ಮೊಬೈಲಿನ ಸಂಪರ್ಕವು ಅಲ್ಲಲ್ಲಿ ತಪ್ಪುವುದರಿಂದ ದಾರಿಯನ್ನು ಕಾಗದದ ಮೇಲೆ ಬರೆದುಕೊಂಡೆವು.

ನೀರು, ವಿದ್ಯುತ್ತು, ಅಡಿಗೆ

ನಲವತ್ತು ಗ್ಯಾಲನ್ ನೀರು 150 ಕಿಲೋಗ್ರಾಂ ತೂಗುತ್ತದೆ. ತಾಣದಲ್ಲಿ ನೀರು ಸಿಗುವಾಗ ತೊಟ್ಟಿಯನ್ನು ತುಂಬಿಕೊಂಡು ಬೆಟ್ಟದ ದಾರಿಯಲ್ಲಿ ಹೊರುವುದು ವ್ಯರ್ಥ. ಕುಡಿಯುವ ನೀರಿನ ಕೊಳವೆಯನ್ನು ಬೇರೆಯೇ ಇಟ್ಟುಕೊಳ್ಳತಕ್ಕದ್ದು. ಬಳಸಿದ ನೀರಿಗೂ ಮಲಕ್ಕೂ ಬಂಡಿಯಡಿಯಲ್ಲಿ ಎರಡು ಬೇರೆ ತೊಟ್ಟಿಗಳಿರುವುವು. ಗೊತ್ತಾದ ಸ್ಥಳದಲ್ಲಿ ಮಲದ ತೊಟ್ಟಿಯನ್ನು ಮೊದಲು, ಬಚ್ಚಲ ನೀರಿನ ತೊಟ್ಟಿಯನ್ನು ಆಮೇಲೆ ಬರಿದು ಮಾಡಿದರೆ ಕೊಳವೆಯು ತಾನಾಗಿಯೇ ತೊಳೆಯಲ್ಪಡುತ್ತದೆ. ಕೈಗವಸು ಅವಶ್ಯ.

ಮೂವತ್ತು ಆಂಪಿಯರಿನ ವಿದ್ಯುತ್ ಸಂಪರ್ಕದಿಂದ ದೊರೆಯುವುದು 3,600 ವ್ಯಾಟು ಮಾತ್ರ. ತಂಪು ಯಂತ್ರ, ಮೈಕ್ರೋವೇವು, ನೀರು ಕಾಯಿಸುವ ಪಾತ್ರೆ ಮೂರನ್ನೂ ಒಟ್ಟಿಗೆ ಹಚ್ಚಿದರೆ ದೀಪ ಆರುವುದು ಖಂಡಿತ. ಒಲೆಯು ಅನಿಲದ್ದಾದುದರಿಂದ ಅನಿಲ ಸೋರಿಕೆಯನ್ನೂ ವಿಷವಾಯುವನ್ನೂ ತಿಳಿಸುವ ಗಂಟೆಗಳು ಕೆಲಸ ಮಾಡುತ್ತಿವೆಯೇ ಎಂದು ಹೊರಡುವ ಮುನ್ನವೇ ಒತ್ತಿ ನೋಡಬೇಕು. ಚಳಿಯೆಂದು ಒಲೆಯನ್ನು ಉರಿಸಿ ಬಂಡಿಯೊಳಗೆ ಬೆಚ್ಚಗೆ ಮಲಗುವ ಯೋಚನೆಯನ್ನು ಎಂದಿಗೂ ಮಾಡಬಾರದು. ನಮ್ಮ ಅಡಿಗೆಗೆ ಇನ್ನೊಂದು ಎಚ್ಚರಿಕೆಯುಂಟು: ಮಾಡಿನ ಗವಾಕ್ಷಿಯನ್ನು ತೆರೆಯದೆ ಒಗ್ಗರಣೆ ಹಾಕಿದರೆ ಹೊಗೆಯ ಗಂಟೆಯು ಬಿಡಾರವನ್ನೆಲ್ಲ ಎಬ್ಬಿಸುತ್ತದೆ. ಪುಳಿಯೋಗರೆಯ ಗೊಜ್ಜು, ಚಟ್ನಿಪುಡಿ, ಹುರಿದ ರವೆ ಇವುಗಳನ್ನು ಮನೆಯಲ್ಲಿಯೇ ಸಿದ್ಧಮಾಡಿಕೊಂಡು ಹೋಗುವುದು ಲೇಸು.

ಬೆಂಕಿ ಮತ್ತು ಕರಡಿ

ಸೌದೆಯನ್ನು ಮನೆಯಿಂದ ಕೊಂಡೊಯ್ಯಬಾರದು. ಅದರೊಳಗಿನ ಹುಳುಗಳು ಹೊಸ ಕಾಡನ್ನು ಸೇರಿ ಮರಗಳನ್ನು ಕೊಲ್ಲುವುವು. ತಾಣದ ಸಮೀಪದಲ್ಲಿಯೇ ಕೊಳ್ಳಬೇಕು. ಮಲಗುವ ಮುನ್ನ ಬೆಂಕಿಗೆ ನೀರು ಹೊಯ್ದು, ಕದಡಿ, ಬೂದಿಯು ತಣ್ಣಗಾದುದನ್ನು ಖಚಿತಪಡಿಸಿಕೊಳ್ಳಬೇಕು. 2025ನೆಯ ಇಸವಿ ಮಾರ್ಚ್ ತಿಂಗಳಲ್ಲಿ ಟೇಬಲ್ ರಾಕ್ ಸುತ್ತ ಸಾವಿರಾರು ಎಕರೆ ಕಾಡು ಉರಿದುಹೋಯಿತು. ಆ ಕಿಚ್ಚು ಮನುಷ್ಯರಿಂದಲೇ ಹತ್ತಿದುದು. ಚಂಡಮಾರುತವು ಕೆಡವಿದ್ದ ಮರಗಳು ಅದಕ್ಕೆ ಸೌದೆಯಾದುವು. ಕರಡಿಗಳಿಗೆ ಹೆದರುವುದಕ್ಕಿಂತ, ಅವುಗಳಿಗೆ ನಮ್ಮ ಊಟದ ರುಚಿಯನ್ನು ಹತ್ತಿಸದಿರುವುದು ಮುಖ್ಯ. ತಿಂಡಿಯ ಒಂದು ಚೂರನ್ನೂ ರಾತ್ರಿ ಹೊರಗೆ ಬಿಡಬಾರದು.

ಜೋಕಾಸಿಯ ದಡದಲ್ಲಿ

2023ನೆಯ ಇಸವಿ ಮಾರ್ಚ್ ತಿಂಗಳು, ತಾಯಿಯು ಊರಿಗೆ ಮರಳುವುದಕ್ಕೆ ಒಂದು ವಾರವಿದ್ದಾಗ, ಮತ್ತೆ ಹೊರಟೆವು. ಆಕೆಯನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ದಾರಿಯಲ್ಲಿ ಬೆಟ್ಟವನ್ನು ಹತ್ತುವುದೇ ಇಲ್ಲವೆಂದು ನಕ್ಷೆಯನ್ನು ತೋರಿಸಿ ಮಾತುಕೊಟ್ಟ ಮೇಲೆ ಬಂಡಿಯನ್ನೇರಿದಳು. ಮೂರು ಗಂಟೆಗೆ ಮೊದಲೇ ಡೆವಿಲ್ಸ್ ಫೋರ್ಕಿನಲ್ಲಿದ್ದೆವು. ನನ್ನ ಹೆಂಡತಿಯು ಹಿಂದೆ ನಿಂತು ಕೈಸನ್ನೆ ಮಾಡಿದಳು. ಬಂಡಿಯು ಒಂದೇ ಸಲಕ್ಕೆ ಜಾಗದಲ್ಲಿ ಕುಳಿತಿತು.

ಅಲ್ಲಿನ ತೊರೆಗಳ ಅಂಚಿನಲ್ಲಿ ಓಕೋನಿ ಬೆಲ್ ಎಂಬ ಬಿಳಿಯ ಪುಟ್ಟ ಹೂವುಗಳು ಅರಳಿದ್ದುವು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಆಂದ್ರೆ ಮಿಶೋ ಎಂಬ ಫ್ರೆಂಚ್ ಸಸ್ಯಜ್ಞನು ಕೊಂಡೊಯ್ದಿದ್ದ ಈ ಗಿಡವು ಕಾಡಿನಲ್ಲಿ ವಿದ್ವಾಂಸರಿಗೆ ಮತ್ತೆ ದೊರೆತುದು 1877ರಲ್ಲಿ. ಈ ಗಿಡವು ಬೆಳೆಯುತ್ತಿದ್ದ ಎಷ್ಟೋ ನೆಲವೂ ಸರೋವರದ ಪಾಲಾಯಿತು.

ಸಂಜೆ ತಾಯಿಯು ದಡದ ಕಲ್ಲಿನ ಮೇಲೆ ಕುಳಿತು ಕೇಳಿದಳು: "ಇದರಡಿಯಲ್ಲಿಯೂ ಮನೆಗಳಿವೆಯೇ?"

"ಪ್ರವಾಸಿಗಳು ತಂಗುತ್ತಿದ್ದ ಒಂದು ದೊಡ್ಡ ಮನೆ ಇನ್ನೂ ನಿಂತಿದೆಯಂತಮ್ಮ, ಸುಮಾರು ಮುನ್ನೂರು ಅಡಿ ಕೆಳಗೆ. ಮುಳುಗುಗಾರರು ಕಂಡಿದ್ದಾರೆ."

ಆಕೆ ಬಹಳ ಹೊತ್ತು ನೀರನ್ನು ನೋಡುತ್ತಿದ್ದಳು. "ನಮ್ಮದರಲ್ಲಿ ಮಾಡಿನ ಹೆಂಚನ್ನೆಲ್ಲ ನಾವೇ ಇಳಿಸಿಕೊಂಡು ಬಂದೆವು" ಎಂದಳು. ಅಷ್ಟು ವರ್ಷಗಳಲ್ಲಿ ಆ ಮಾತನ್ನು ಆಕೆಯ ಬಾಯಿಂದ ನಾನು ಕೇಳಿದುದು ಅದೇ ಮೊದಲು. ಆ ರಾತ್ರಿ, ನೀರಿನ ಪಕ್ಕದಲ್ಲಿ, ತವರೂರಿನ ಒಂದೊಂದು ಮನೆಯ ಹೆಸರನ್ನೂ ಹೇಳಿದಳು. ಮೊಮ್ಮಗಳು ಅವನ್ನು ಒಂದು ಕಾಗದದ ಮೇಲೆ ಬರೆದುಕೊಂಡಳು.

ಅವಸರದಲ್ಲಿ ಹೊರಟಿದ್ದರೆ ಆ ಸಂಜೆಯು ನಮಗೆ ದೊರೆಯುತ್ತಿರಲಿಲ್ಲ. ಮನೆಬಂಡಿಯನ್ನು ಹಿಡಿಯತಕ್ಕ ಗೃಹಸ್ಥರು ನೋಡಬೇಕಾದ ಸ್ಥಳಗಳ ಪಟ್ಟಿಯಲ್ಲಿ ಅರ್ಧವನ್ನು ಹೊಡೆದುಹಾಕಿ, ಬಂಡಿಯ ತೂಕವನ್ನೂ ಇಳಿಜಾರನ್ನೂ ಸೂರ್ಯಾಸ್ತದ ಹೊತ್ತನ್ನೂ ಆ ಜಾಗದಲ್ಲಿ ಬರೆದುಕೊಳ್ಳಲಿ. ಬೆಳಕಿರುವಾಗಲೇ ಬಂಡಿಯು ನಿಂತರೆ, ಮನೆಯವರು ಒಂದೆಡೆ ಕುಳಿತು ಮಾತಾಡುವುದಕ್ಕೆ ಹೊತ್ತು ಉಳಿಯುತ್ತದೆ.