ಗಾಂಧಾರ ಇಳಿದರೆ ದುಃಖವೇಕೆ?

ಹಾರ್ಮೋನಿಯಂ ಮೇಲೆ ಮೋಹನ ರಾಗದ ಐದು ಸ್ವರಗಳನ್ನು ನುಡಿಸಿ: ಸ ರಿ ಗ ಪ ದ. ಮನಸ್ಸು ಅರಳುತ್ತದೆ. ಈಗ ಉಳಿದ ನಾಲ್ಕನ್ನು ಮುಟ್ಟದೆ ಗಾಂಧಾರವನ್ನಷ್ಟೇ ಒಂದು ಮನೆ ಕೆಳಗಿಳಿಸಿ. ಅಂತರ ಗಾಂಧಾರದ ಜಾಗಕ್ಕೆ ಸಾಧಾರಣ ಗಾಂಧಾರ ಬರುತ್ತದೆ, ಮೋಹನ ಹೋಗಿ ಶಿವರಂಜಿನಿ ಆಗುತ್ತದೆ. ನಮ್ಮ ಸಿನಿಮಾಗಳ ಎಷ್ಟೋ ಅಗಲಿಕೆಯ ಹಾಡುಗಳು ಹುಟ್ಟಿದ್ದು ಈ ಶಿವರಂಜಿನಿಯಲ್ಲಿ. ಒಂದೇ ಒಂದು ಸ್ವರ ಇಷ್ಟು ಇಳಿದ ಮಾತ್ರಕ್ಕೆ ಸಂತೋಷ ದುಃಖವಾಗುವುದು ಹೇಗೆ? ಸಂಗೀತಗಾರರ ಬೆರಳಿಗೆ ಮೊದಲಿನಿಂದಲೂ ಗೊತ್ತಿದ್ದ ಈ ಸಂಗತಿಯ ಕಾರಣವನ್ನು ಹುಡುಕಿದವರ ಕತೆ ಸ್ವಾರಸ್ಯವಾಗಿದೆ.

ಸಿನಿಮಾಕ್ಕೆ ಮಾತು ಬರುವ ಮೊದಲೇ ಈ ಬೆರಳಿನ ವಿದ್ಯೆ ಅಚ್ಚಾಗಿತ್ತು. ಮೂಕಿಚಿತ್ರಗಳ ಕಾಲದಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ತೆರೆಯ ಪಕ್ಕ ಕೂತ ಪಿಯಾನೋ ವಾದಕರು ದೃಶ್ಯ ಬದಲಾದಂತೆ ಸಂಗೀತ ಬದಲಿಸಬೇಕಿತ್ತು. ಅವರಿಗಾಗಿ ಬುಡಾಪೆಸ್ಟ್ ಮೂಲದ ಸಂಗೀತ ನಿರ್ದೇಶಕ ಎರ್ನೋ ರಾಪೆ 1924ರಲ್ಲಿ ಒಂದು ದಪ್ಪ ಸಂಕಲನ ಹೊರತಂದ. ಅದರಲ್ಲಿ 52 ಭಾವ ಮತ್ತು ಸನ್ನಿವೇಶಗಳಿಗೆ ಸಂಗೀತ ವಿಂಗಡಿಸಿ ಇಡಲಾಗಿತ್ತು. ಪ್ರತಿ ಪುಟದ ಅಂಚಿನಲ್ಲೂ ಆ ಪಟ್ಟಿ ಮುದ್ರಿತವಾಗಿತ್ತು. ನಾಯಕಿ ಅಳತೊಡಗಿದ ಕೂಡಲೇ ವಾದಕ ಅಂಚಿನ ಮೇಲೆ ಕಣ್ಣಾಡಿಸಿ ಬೇಕಾದ ಪುಟ ತೆರೆಯಬಹುದಿತ್ತು. ಯಾವ ಸಂಗೀತ ಯಾವ ಭಾವಕ್ಕೆ ಎಂಬುದು ಅಲ್ಲಿತ್ತು. ಏಕೆ ಎಂಬುದು ಇರಲಿಲ್ಲ.

ಆ ಪ್ರಶ್ನೆಯನ್ನು ಪ್ರಯೋಗಕ್ಕೆ ಒಡ್ಡಿದವರಲ್ಲಿ ಮುಖ್ಯಳಾದವಳು ಕೇಟ್ ಹೆವ್ನರ್. 1930ರ ದಶಕದಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗದಲ್ಲಿದ್ದ ಆಕೆಗೆ ಎರಡು ತೊಡಕುಗಳಿದ್ದವು. ಕೇಳುಗರು ತಮ್ಮ ಭಾವವನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹೇಳುತ್ತಾರೆ, ಅದನ್ನು ಅಳೆಯುವುದು ಹೇಗೆ ಎಂಬುದು ಮೊದಲನೆಯದು. ಎರಡು ಹಾಡುಗಳ ನಡುವೆ ನೂರು ವ್ಯತ್ಯಾಸಗಳಿರುವಾಗ ಭಾವ ಬದಲಾಗಿದ್ದು ಯಾವುದರಿಂದ ಎಂದು ತಿಳಿಯುವುದು ಹೇಗೆ ಎಂಬುದು ಎರಡನೆಯದು.

ಮೊದಲನೆಯದಕ್ಕೆ ಆಕೆ ಅರವತ್ತಕ್ಕೂ ಹೆಚ್ಚು ಭಾವಸೂಚಕ ಪದಗಳನ್ನು ಎಂಟು ಗುಂಪುಗಳಾಗಿ ಮಾಡಿ, ಗಡಿಯಾರದ ಅಂಕಿಗಳಂತೆ ವೃತ್ತಾಕಾರದಲ್ಲಿ ಜೋಡಿಸಿದಳು. ಅಕ್ಕಪಕ್ಕದ ಗುಂಪುಗಳಿಗೆ ಹೋಲಿಕೆಯಿತ್ತು, ಎದುರುಬದುರಿನವು ವಿರುದ್ಧ ಭಾವದವು. ದುಃಖದ ಗುಂಪಿಗೆ ನೇರ ಎದುರು ಸಂತೋಷದ ಗುಂಪು. ಕೇಳುಗರು ತಮಗೆ ಸರಿಯೆನಿಸಿದ ಪದಗಳಿಗೆಲ್ಲ ಗುರುತು ಹಾಕಿದರೆ ಸಾಕಿತ್ತು.

ಎರಡನೆಯದಕ್ಕೆ ಆಕೆ ಕಂಡುಕೊಂಡ ದಾರಿ ಇನ್ನೂ ಚೆಂದ. ಒಂದೇ ಕೃತಿಯನ್ನು ಎರಡು ರೂಪದಲ್ಲಿ ಬರೆಸಿದಳು. ರಾಗಸಂಚಾರ, ಲಯ, ವೇಗ ಎಲ್ಲ ಒಂದೇ. ಒಂದು ರೂಪ ಮೇಜರ್‌ನಲ್ಲಿ, ಇನ್ನೊಂದು ಮೈನರ್‌ನಲ್ಲಿ. ಮೇಜರ್ ಎಂದರೆ ಹೆಚ್ಚುಕಡಿಮೆ ನಮ್ಮ ಶಂಕರಾಭರಣದ ಸ್ವರಗಳು. ಮೈನರ್ ನಟಭೈರವಿಗೋ ಕೀರವಾಣಿಗೋ ಹತ್ತಿರ. ಎರಡಕ್ಕೂ ಇರುವ ಮುಖ್ಯ ಅಂತರವೆಂದರೆ ಅದೇ ಗಾಂಧಾರ. ಒಂದು ಗುಂಪಿಗೆ ಒಂದು ರೂಪ, ಬೇರೆ ಗುಂಪಿಗೆ ಇನ್ನೊಂದು ರೂಪ ಕೇಳಿಸಿದಳು. 1935ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೈನರ್ ರೂಪ ಕೇಳಿದವರು ದುಃಖ, ಕನಸು, ಹಂಬಲದ ಪದಗಳತ್ತ ವಾಲಿದ್ದರು. ಮೇಜರ್ ಕೇಳಿದವರು ಸಂತೋಷ, ಲವಲವಿಕೆಯ ಪದಗಳತ್ತ.

ಹೆವ್ನರ್ ಅಲ್ಲಿಗೇ ನಿಲ್ಲಲಿಲ್ಲ. ಇದೇ ಕ್ರಮದಲ್ಲಿ ಲಯ, ಸ್ವರಮೇಳ, ಸ್ಥಾಯಿ, ವೇಗಗಳನ್ನೂ ಒಂದೊಂದಾಗಿ ಬದಲಿಸಿ ನೋಡಿದಳು. 1937ರ ಹೊತ್ತಿಗೆ ಆಕೆಯ ಕೈಯಲ್ಲಿ ಒಂದು ಪಟ್ಟಿಯೇ ಇತ್ತು. ಎಲ್ಲ ಭಾವಗಳನ್ನೂ ಒಟ್ಟಿಗೆ ನೋಡಿದರೆ ಅತಿ ಹೆಚ್ಚು ಪರಿಣಾಮ ವೇಗದ್ದು. ಸಂತೋಷ ಮತ್ತು ದುಃಖವನ್ನು ಬೇರೆ ಮಾಡುವುದರಲ್ಲಿ ಮಾತ್ರ ಮೇಜರ್-ಮೈನರ್ ಭೇದದ ಪಾಲು ದೊಡ್ಡದು. ಮಂದ್ರ ಸ್ಥಾಯಿ ದುಃಖದ ಕಡೆ ಎಳೆಯುತ್ತದೆ, ತಾರಸ್ಥಾಯಿ ಹಗುರ ಭಾವದ ಕಡೆ.

ಇವು ಹುಟ್ಟಿನಿಂದ ಬಂದ ಗುಣಗಳೋ, ಕೇಳಿ ಕಲಿತವೋ? ಮಾಂಟ್ರಿಯಲ್‌ನಲ್ಲಿ ಇಸಾಬೆಲ್ ಪೆರೆಟ್ಜ್ ಮತ್ತು ಸಂಗಡಿಗರು ಮಕ್ಕಳಿಗೆ ಹೀಗೇ ತಿದ್ದಿದ ಸಂಗೀತ ಕೇಳಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆರವಾಗುತ್ತದೆ. ಐದು ವರ್ಷದ ಮಕ್ಕಳು ಸಂತೋಷ-ದುಃಖವನ್ನು ಗುರುತಿಸಿದ್ದು ವೇಗದಿಂದ ಮಾತ್ರ. ಮೇಜರ್-ಮೈನರ್ ಭೇದ ಆರರಿಂದ ಎಂಟು ವರ್ಷದವರಿಗಷ್ಟೇ ನಾಟಿತು. ವೇಗದ ಭಾಷೆ ಬೇಗ ಬರುತ್ತದೆ, ಸ್ವರದ ಭಾಷೆಯನ್ನು ಕಿವಿ ತಡವಾಗಿ ಕಲಿಯುತ್ತದೆ.

ಇಷ್ಟಾದರೂ ಸಿನಿಮಾದ ಪ್ರಶ್ನೆ ಉಳಿದೇ ಇತ್ತು. ಸಂಗೀತದಲ್ಲಿರುವ ದುಃಖ ತೆರೆಯ ಮೇಲಿನ ಪಾತ್ರಕ್ಕೆ ಹೋಗಿ ಅಂಟಿಕೊಳ್ಳುವುದು ಹೇಗೆ?

ಇದಕ್ಕೆ ಉತ್ತರ ಸಿಕ್ಕಿದ್ದು ನಟರೇ ಇಲ್ಲದ ಒಂದು ಚಿತ್ರದಿಂದ. 1944ರಲ್ಲಿ ಅಮೆರಿಕದ ಸ್ಮಿತ್ ಕಾಲೇಜಿನಲ್ಲಿ ಫ್ರಿಟ್ಜ್ ಹೈಡರ್ ಮತ್ತು ಮರಿಯಾನ್ ಸಿಮ್ಮೆಲ್ ಒಂದು ಪುಟ್ಟ ಮೂಕಿಚಿತ್ರ ಮಾಡಿದ್ದರು. ಒಂದು ದೊಡ್ಡ ತ್ರಿಕೋನ, ಒಂದು ಸಣ್ಣ ತ್ರಿಕೋನ, ಒಂದು ವೃತ್ತ, ಬಾಗಿಲಿರುವ ಒಂದು ಚೌಕಟ್ಟು. ಆಕೃತಿಗಳು ಓಡಾಡುತ್ತವೆ, ಅಷ್ಟೇ. ನೋಡಿದ 34 ಜನರಲ್ಲಿ ಅದನ್ನು ಬರಿಯ ರೇಖಾಗಣಿತವಾಗಿ ವಿವರಿಸಿದ್ದು ಒಬ್ಬರೇ. ಉಳಿದವರೆಲ್ಲ ಜಗಳ, ಬೆದರಿಕೆ, ಪಾರಾಗುವಿಕೆಯ ಕತೆ ಕಂಡರು. 1988ರಲ್ಲಿ ಸ್ಯಾಂಡ್ರಾ ಮಾರ್ಷಲ್ ಮತ್ತು ಆನಬೆಲ್ ಕೋಹೆನ್ ಇದೇ ಚಿತ್ರಕ್ಕೆ ಬೇರೆ ಬೇರೆ ಸ್ವಭಾವದ ಎರಡು ಸಂಗೀತ ಕೂಡಿಸಿ, ಪ್ರತಿ ಆಕೃತಿಯ ಸ್ವಭಾವ ಎಂಥದ್ದು ಎಂದು ನೋಡುಗರನ್ನು ಕೇಳಿದರು. ಸಂಗೀತ ಬದಲಾದಾಗ ಆಕೃತಿಗಳ ಸ್ವಭಾವವೂ ಬದಲಾಯಿತು. ಅಚ್ಚರಿಯೆಂದರೆ, ಬದಲಾವಣೆ ಎಲ್ಲ ಆಕೃತಿಗಳಲ್ಲೂ ಒಂದೇ ಪ್ರಮಾಣದಲ್ಲಿ ಇರಲಿಲ್ಲ. ಸಂಗೀತವು ತೆರೆಯ ತುಂಬ ಒಂದೇ ಬಣ್ಣ ಬಳಿಯಲಿಲ್ಲ, ಆಕೃತಿಯಿಂದ ಆಕೃತಿಗೆ ಅದರ ಪರಿಣಾಮ ಬೇರೆಯಾಗಿತ್ತು. ಅವರು ಕೊಟ್ಟ ವಿವರಣೆ ಇದು: ಯಾವ ಆಕೃತಿಯ ಚಲನೆ ಸಂಗೀತದ ನಡೆಯೊಂದಿಗೆ ಕೂಡಿಕೊಳ್ಳುತ್ತದೋ ಅದರತ್ತ ಗಮನ ಹರಿಯುತ್ತದೆ, ಸಂಗೀತದ ಭಾವವೂ ಅದಕ್ಕೇ ಸೇರುತ್ತದೆ.

ಕೋಹೆನ್ 1993ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ ತೆರೆಯ ಮೇಲಿದ್ದದ್ದು ಪುಟಿಯುವ ಚೆಂಡು ಮಾತ್ರ. ಎತ್ತರಕ್ಕೆ, ಬೇಗ ಬೇಗ ಪುಟಿದರೆ ನೋಡುಗರಿಗೆ ಚೆಂಡು ಖುಷಿಯಾಗಿರುವಂತೆ ಕಂಡಿತು. ನಿಧಾನವಾಗಿ, ತಗ್ಗಿನಲ್ಲಿ ಪುಟಿದರೆ ಬೇಸರದಲ್ಲಿರುವಂತೆ. ಖುಷಿಯ ಚೆಂಡಿನ ಹಿಂದೆ ಮಂದ್ರದ ನಿಧಾನ ಸಂಗೀತ ಹಾಕಿದಾಗ ಅದರ ಖುಷಿ ನೋಡುಗರ ಕಣ್ಣಲ್ಲಿ ಇಳಿಯಿತು. ನಿರ್ಭಾವದ ಮುಖವೊಂದನ್ನು ಹಿನ್ನೆಲೆ ಸಂಗೀತ ನಗಿಸಬಲ್ಲದು, ಅಳಿಸಬಲ್ಲದು ಎಂದು ಚಿತ್ರರಂಗದವರು ನಂಬಿದ್ದಕ್ಕೆ ಇಲ್ಲಿ ಆಧಾರ ಸಿಕ್ಕಿತು.

ಇವೆಲ್ಲ ಪಾಶ್ಚಾತ್ಯ ಸಂಗೀತ ಕೇಳಿ ಬೆಳೆದವರ ಕಿವಿಗಳು ತಾನೆ ಎಂಬ ಆಕ್ಷೇಪ ಸಹಜ. ಜರ್ಮನಿಯ ಲೈಪ್‌ಜಿಗ್‌ನ ಥಾಮಸ್ ಫ್ರಿಟ್ಜ್ ಅದನ್ನು ಪರೀಕ್ಷಿಸಲು ಆಫ್ರಿಕಾದ ಕ್ಯಾಮರೂನ್‌ನ ಉತ್ತರ ಭಾಗದ ಮಂದಾರ ಬೆಟ್ಟಗಳಿಗೆ ಹೋದ. ಅಲ್ಲಿನ ಮಾಫಾ ಜನರಲ್ಲಿ ಪಾಶ್ಚಾತ್ಯ ಸಂಗೀತವನ್ನು ಎಂದೂ ಕೇಳದವರಿದ್ದರು. ಪುಟ್ಟ ಪಿಯಾನೋ ತುಣುಕುಗಳನ್ನು ಕೇಳಿಸಿ, ನಗುವ, ದುಃಖಿಸುವ, ಹೆದರಿದ ಮುಖಗಳ ಚಿತ್ರದಲ್ಲಿ ಹೊಂದುವುದನ್ನು ಆರಿಸಲು ಹೇಳಿದ. ಬರಿಯ ಊಹೆಯಿಂದ ಸಾಧ್ಯವಾಗುವುದಕ್ಕಿಂತ ಹೆಚ್ಚು ಸಲ ಅವರು ಸರಿಯಾದ ಮುಖವನ್ನೇ ಆರಿಸಿದರು. ವೇಗದ ತುಣುಕುಗಳು ಅವರಿಗೂ ಸಂತೋಷದವಾಗಿ ಕೇಳಿದವು. 2009ರಲ್ಲಿ ಪ್ರಕಟವಾದ ಈ ಅಧ್ಯಯನ ಬಹಳ ಚರ್ಚೆಗೆ ಒಳಗಾಯಿತು.

ಮೂಲ ಎಲ್ಲಿದೆ ಎಂಬುದಕ್ಕೆ ಒಂದು ಸುಳಿವು ನಮ್ಮ ಪಕ್ಕದ ಮನೆಯಿಂದಲೇ ಬಂತು. ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ಕರ್ನಾಟಕ ಸಂಗೀತವನ್ನು ಪಾಶ್ಚಾತ್ಯ ಸಂಗೀತದ ಜೊತೆಗೂ, ತಮಿಳು ಮಾತನ್ನು ಇಂಗ್ಲಿಷ್ ಮಾತಿನ ಜೊತೆಗೂ ಇಟ್ಟು ನೋಡಿದರು. 2012ರಲ್ಲಿ ಪ್ರಕಟವಾದ ಅವರ ಲೆಕ್ಕಾಚಾರದ ಪ್ರಕಾರ, ಎರಡೂ ಸಂಗೀತಗಳಲ್ಲಿ ಸಂತೋಷದ ರಚನೆಗಳು ಸ್ವರದಿಂದ ಸ್ವರಕ್ಕೆ ದೊಡ್ಡ ಜಿಗಿತ ಹಾಕುತ್ತವೆ, ದುಃಖದವು ಸಣ್ಣ ಹೆಜ್ಜೆ ಇಡುತ್ತವೆ. ಎರಡೂ ಭಾಷೆಗಳ ಮಾತೂ ಹಾಗೇ: ಖುಷಿಯಲ್ಲಿರುವ ದನಿ ಏರಿಳಿಯುತ್ತದೆ, ದುಃಖದ ದನಿ ಒಂದೇ ಮಟ್ಟದಲ್ಲಿ ಎಳೆಯುತ್ತದೆ. ಅಂದರೆ ಸಂಗೀತದ ದುಃಖ ಬಹುಮಟ್ಟಿಗೆ ಮನುಷ್ಯನ ಗಂಟಲಿನ ದುಃಖ.

ಹಾಗೆಂದು ಒಂದು ಗಾಂಧಾರವೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ಸಾಧಾರಣ ಗಾಂಧಾರವಿರುವ ಆಭೇರಿಯಲ್ಲಿ ಉಲ್ಲಾಸದ ಹಾಡುಗಳೂ ಇವೆ. ನಡೆ, ಸ್ಥಾಯಿ, ದನಿಯ ಬಾಗು, ತೆರೆಯ ಮೇಲಿನ ಚಿತ್ರ, ಕೇಳುಗನ ಸಂಸ್ಕಾರ ಇವೆಲ್ಲ ಕೂಡಿದಾಗಲೇ ಭಾವ ಮೂಡುತ್ತದೆ.

ನಮ್ಮ ಸಿನಿಮಾಗಳಲ್ಲಿ ಒಂದೇ ಧಾಟಿಯ ಹಾಡು ಮೊದಲರ್ಧದಲ್ಲಿ ಸಂತೋಷಕ್ಕೆ, ದ್ವಿತೀಯಾರ್ಧದಲ್ಲಿ ದುಃಖಕ್ಕೆ ಬರುವ ಪದ್ಧತಿ ಹಳೆಯದು. ಹೆವ್ನರ್ ಶ್ರಮಪಟ್ಟು ಬರೆಸಿಕೊಂಡ ಜೋಡಿ ರೂಪಗಳು ನಮ್ಮಲ್ಲಿ ಧ್ವನಿಮುದ್ರಿಕೆಗಳಲ್ಲೇ ಸಿದ್ಧವಾಗಿವೆ. ಅದೇ ಧಾಟಿಯಲ್ಲಿ ಸಂಗೀತ ನಿರ್ದೇಶಕರು ಯಾವುದನ್ನು ಉಳಿಸಿಕೊಂಡರು, ಯಾವುದನ್ನು ಬದಲಿಸಿದರು ಎಂದು ಅಳೆದು, ಕನ್ನಡ ಕೇಳುಗರ ಮುಂದಿಟ್ಟು ಪರೀಕ್ಷಿಸಬೇಕು. ನಮ್ಮ ವಿಶ್ವವಿದ್ಯಾಲಯಗಳ ಸಂಗೀತ ವಿಭಾಗವೂ ಮನಶ್ಶಾಸ್ತ್ರ ವಿಭಾಗವೂ ಒಟ್ಟಿಗೆ ಕೂತು ಮಾಡಬೇಕಾದ ಕೆಲಸ ಇದು.