ಅದೊಂದು ಬಿಟ್ರೆ ಚಿನ್ನದಂಥ ಗಾಡಿ

ಜುಲೈ ತಿಂಗಳ ಕೊಟ್ಟಿಗೆಹಾರ. ಚಾರ್ಮಾಡಿ ಘಾಟಿ ಹತ್ತಿ ಬಂದ ಕಾರುಗಳು ನೀರುದೋಸೆ ಹೋಟೆಲಿನ ಮುಂದೆ ಸಾಲಾಗಿ ನಿಂತು ದಣಿವಾರಿಸಿಕೊಳ್ಳುತ್ತಿವೆ. ಬಾನೆಟ್ಟಿನ ಮೇಲೆ ಬಿದ್ದ ಮಳೆಹನಿ ಹಬೆಯಾಗಿ ಏಳುತ್ತದೆ. ಮಂಜಿನಲ್ಲಿ ಹೆಡ್‌ಲೈಟು ಕಾಣುತ್ತದೆ, ಅದರ ಹಿಂದಿನ ಕಾರು ಕಾಣುವುದಿಲ್ಲ. ಸೂರಿನಡಿ ಕಾಫಿ ಲೋಟ ಹಿಡಿದು ನಿಂತವರಿಗೆ ಗುರುತು ಪರಿಚಯ ಬೇಕಿಲ್ಲ, ಒಂದು ಪ್ರಶ್ನೆ ಸಾಕು: “ಎಷ್ಟು ಕೊಡುತ್ತೆ?”

ಮೈಲೇಜಿನ ಮಾತು. ವಯಸ್ಸು ಹೇಳುವಾಗ ಕಳೆಯುವ ನಾವು ಇದರಲ್ಲಿ ಮಾತ್ರ ಕೂಡಿಸಿಯೇ ಹೇಳುತ್ತೇವೆ.

“ಸೆಕೆಂಡ್ ಗೇರಲ್ಲಿ ಆನೆ ಥರ ಎಳೀತು ಸಾರ್,” ಎಂದ ಬೆಂಗಳೂರಿನ ಯುವಕ, ತನ್ನ ಎತ್ತರದ ಡೀಸೆಲ್ ಗಾಡಿ ತೋರಿಸುತ್ತ. ಹೆಂಡತಿ ದೋಸೆಯಿಂದ ತಲೆಯೆತ್ತಿದಳು: “ಡಿಪಿಎಫ್ ವಿಷ್ಯಾನೂ ಹೇಳಿ.” 2020ರ ಏಪ್ರಿಲ್‌ನಲ್ಲಿ ಬಿಎಸ್-6 ಮಾಲಿನ್ಯ ನಿಯಮ ಬಂದ ಮೇಲೆ ಡೀಸೆಲ್ ಹೊಗೆಯ ಮಸಿಯನ್ನು ಹಿಡಿದಿಡುವ ಈ ಜಾಲರಿ, ಊರೊಳಗೇ ತೆವಳಿದರೆ ಕಟ್ಟಿಕೊಳ್ಳುತ್ತದೆ. ಆ ಮಸಿ ಸುಟ್ಟುಹೋಗಲು ಬಿಸಿಯೇರುವಷ್ಟು ದೂರ ಓಡಿಸಬೇಕು. “ನನ್ನನ್ನ ಸುತ್ತಾಡಿಸೋಕಲ್ಲ, ಕಾರಿನ ಮಸಿ ಸುಡೋಕೆ ಬಂದಿದ್ದಾರೆ,” ಎಂದಳು. ಯುವಕ ನಕ್ಕ. “ಅದೊಂದು ಬಿಟ್ರೆ ಚಿನ್ನದಂಥ ಗಾಡಿ.”

ಮಂಗಳೂರಿನ ಡಾಕ್ಟರದು ಎಲೆಕ್ಟ್ರಿಕ್ ಕಾರು. “ಉಜಿರೆ ದಾಟುವವರೆಗೆ ಲೆಕ್ಕ ಸರಿ ಇತ್ತು ಮಾರಾಯ್ರೇ. ಘಾಟಿಯಲ್ಲಿ ಚಾರ್ಜು ನೀರಿನ ಹಾಗೆ ಇಳಿಯಿತು.” ಸಂಜೆ ವಾಪಸ್ ಇಳಿಯುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಮೋಟಾರೇ ಜನರೇಟರಾಗಿ ಒಂದಿಷ್ಟು ಚಾರ್ಜು ಬ್ಯಾಟರಿಗೆ ಮರಳುತ್ತದಂತೆ. ಕೊಟ್ಟ ಸಾಲದಲ್ಲಿ ಅಷ್ಟಾದರೂ ವಸೂಲಿ. ಚಾರ್ಜರ್ ಸಿಕ್ಕರೂ ಮುಂದೆ ಇನ್ನೊಬ್ಬರ ಕಾರು ನಿಂತಿರುತ್ತದೆ ಎಂಬುದು ಅವರ ಕೊರಗು. “ಅದೊಂದು ಬಿಟ್ರೆ...”

ಪಕ್ಕದ ಸಿಎನ್‌ಜಿ ಕಾರಿನೊಳಗಿದ್ದವರ ಮಡಿಲಲ್ಲೆಲ್ಲ ಬ್ಯಾಗುಗಳು. ಡಿಕ್ಕಿಯಲ್ಲಿ ಸಿಲಿಂಡರ್ ಕೂತಿದೆ. ಅವರು ಹೇಳುವ ಮೊದಲೇ ಎಲ್ಲರಿಗೂ ಅರ್ಥವಾಯಿತು.

ಕೊನೆಯಲ್ಲಿ ನಿಂತದ್ದು ಮೂಡಿಗೆರೆಯ ನಿವೃತ್ತ ಮೇಷ್ಟ್ರ ಮಾರುತಿ 800, 1998ರದು. ಆರ್‌ಸಿಗೆ 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ, ಮೂರು ಸಲ ನವೀಕರಣ ಮಾಡಿಸಿದ್ದಾರೆ. ಡ್ಯಾಶ್‌ಬೋರ್ಡಿನಲ್ಲಿ ಮಂಜುನಾಥಸ್ವಾಮಿಯ ಪುಟ್ಟ ಫೋಟೊ, ಗಾಜಿನ ಮಂಜು ಒರೆಸಲು ಹಳೇ ಪಂಚೆಯ ತುಂಡು. 796 ಸಿಸಿಯ ಮೂರು ಸಿಲಿಂಡರ್. ತಯಾರಿಕೆ ನಿಂತದ್ದು 2014ರಲ್ಲಿ. “ಚಳಿಗೆ ಚೋಕ್ ಎಳೀಬೇಕು. ಘಾಟಿ ಹತ್ತುವಾಗ ಹಿಂದೆ ಮೂವರನ್ನ ಕೂರಿಸಬಾರದು. ಗುಂಡಿಗೆ ಇಳಿದ್ರೆ ನನ್ನ ಸೊಂಟಕ್ಕೇ ಮೊದಲು ಗೊತ್ತಾಗುತ್ತೆ,” ಎಂದು ಎಲ್ಲ ದೋಷಗಳನ್ನೂ ತಾವೇ ಓದಿ ಹೇಳಿದರು. ಆದರೆ ಬೆಂಗಳೂರಿನ ಯುವಕ “ಕೊಟ್ಟುಬಿಡಿ ಮೇಷ್ಟ್ರೇ” ಎಂದಾಗ ಮಾತ್ರ ಮುಖ ಗಂಟಾಯಿತು. ಹಳೇ ಕಾರು ಕೊಳ್ಳಹೊರಟವರು ಶೋರೂಮಿಗೆ ಹೋಗುವ ಬದಲು ಇಂಥ ಸೂರಿನಡಿ ಅರ್ಧ ಗಂಟೆ ನಿಲ್ಲುವುದು ಮೇಲು ಅನ್ನಿಸಿತು.

“ನಿಮ್ಮದು ಹೇಗೆ?” ಎಂದು ಡಾಕ್ಟರು ನನ್ನತ್ತ ತಿರುಗಿದರು.

“ಒಂಬತ್ತು ವರ್ಷ ಆಯ್ತು, ದಾರಿಯಲ್ಲಿ ಒಂದು ದಿನ ಕೈಕೊಟ್ಟಿಲ್ಲ. ಮಳೆಗಾಲದಲ್ಲಿ ಹಿಂದಿನ ಬಾಗಿಲು ಒಳಗಿನಿಂದ ತೆಗೆಯೋಕೆ ಬರಲ್ಲ, ಅದೊಂದು ಬಿಟ್ರೆ...” ಎನ್ನುವಷ್ಟರಲ್ಲಿ ಕಾರಿನ ಗಾಜು ಬಡಿಯುವ ಸದ್ದು ಕೇಳಿಸಿತು. ಅಮ್ಮ ಇನ್ನೂ ಒಳಗೇ ಕೂತಿದ್ದಳು.